ಮೂರು ಬೀಗದ ಕಂಪ್ಯೂಟರು, ಹನೂರಿನ ಮೊದಲ ಎಲೆ

ನಮ್ಮ ಮಾವಿನದೊಡ್ಡಿಯ ಹಾಲಿನ ಡೇರಿಯಲ್ಲಿ ಈಗ ನನ್ನ ಕ್ಯಾನಿಗೆ ಕೊನೆಯ ಸರದಿ. ಎಲ್ಲರಿಗಿಂತ ಮೊದಲು ಹೋಗಿ ನಿಂತರೂ ಅಷ್ಟೆ, ಮುಖ ತೊಳೆಯದೆ ಓಡಿಹೋಗಿ ನಿಂತರೂ ಅಷ್ಟೆ. ಕಾರ್ಯದರ್ಶಿ ಮಾದಸ್ವಾಮಿ ನನ್ನ ಹಿಂದಿನವರನ್ನೆಲ್ಲ ಹೆಸರು ಹಿಡಿದು ಕರೆದು, ಹಾಲು ಅಳೆದು, ಚೀಟಿ ಕೊಟ್ಟು ಕಳಿಸಿ, ಆಮೇಲೆ ನನ್ನನ್ನು ಈಗತಾನೇ ಕಂಡವನ ಹಾಗೆ ನೋಡುತ್ತಾನೆ. ಇಡೀ ಸರ್ವೀಸು ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಎಂಥೆಂಥ ಗಲಾಟೆ ಜನರನ್ನೂ ಸಾಲಾಗಿ ನಿಲ್ಲಿಸಿದವನು ನಾನು. ನನಗೆ ಈ ಗತಿ ಬಂದದ್ದು ನನ್ನ ಹಸುವಿನ ಹಾಲಿಗೆ ನೀರು ಸೇರಿದ್ದರಿಂದಲ್ಲ. ಕಂಪ್ಯೂಟರಿನ ಪಾಸ್‌ವರ್ಡಿನಿಂದ. ನಡೆದದ್ದನ್ನು ಹೇಳುತ್ತೇನೆ, ತಪ್ಪು ಯಾರದೆಂದು ನೀವೇ ತೀರ್ಮಾನ ಮಾಡಿ.

ಮಾದಸ್ವಾಮಿ ಕೆಟ್ಟವನಲ್ಲ. ಅಳತೆಯಲ್ಲಿ ಮೋಸವಿಲ್ಲ, ಮಾತಿನಲ್ಲಿ ಕೊಂಕಿಲ್ಲ, ಬೀಡಿ ಕೂಡ ಸೇದುವುದಿಲ್ಲ. ಅವನಿಗಿರುವುದು ಒಂದೇ ಕಾಯಿಲೆ, ಅದರ ಹೆಸರು ಶಾಂತಮೂರ್ತಿ. ಹನೂರಿನ ಚಿಕ್ಕಸಿದ್ದಯ್ಯನವರ ದೊಡ್ಡ ಮಗಳು ಕೋಮಲಳನ್ನು ಮಾದಸ್ವಾಮಿ ಮದುವೆಯಾದ. ಚಿಕ್ಕ ಮಗಳನ್ನು ಯಳಂದೂರಿನ ಹತ್ತಿರದ ಶಾಂತಮೂರ್ತಿಗೆ ಕೊಟ್ಟರು. ಷಡ್ಡಕರಿಬ್ಬರೂ ತಂತಮ್ಮ ಊರಿನ ಡೇರಿಗೆ ಕಾರ್ಯದರ್ಶಿಗಳು. ಒಬ್ಬ ಡಾಕ್ಟರೋ ಇನ್ನೊಬ್ಬ ಲಾಯರೋ ಆಗಿದ್ದರೆ ಏನೂ ತೊಂದರೆಯಿರಲಿಲ್ಲ. ನಾನು ಬಸ್ಸಿನಲ್ಲಿ ಕಲಿತ ವಿಷಯವೆಂದರೆ, ಕಾರಿನಲ್ಲಿ ಹೋಗುವವನನ್ನು ಕಂಡು ಯಾರೂ ಹೊಟ್ಟೆ ಉರಿದುಕೊಳ್ಳುವುದಿಲ್ಲ. ಅದೇ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವನನ್ನು ಕಂಡರೆ ಮಾತ್ರ ಉರಿ. ಶಾಂತಮೂರ್ತಿ ಬೈಕು ತೆಗೆದುಕೊಂಡರೆ ಮಾದಸ್ವಾಮಿ ಅದೇ ಕಂಪನಿಯ, ಅದಕ್ಕಿಂತ ಒಂದು ಸೈಜು ದೊಡ್ಡ ಬೈಕು ತಂದ. ಅವನು ಮನೆಗೆ ಹಸಿರು ಬಣ್ಣ ಹೊಡೆಸಿದರೆ ಇವನು ಹಸಿರು ಹೊಡೆಸಿ ಮೇಲೊಂದು ಹಳದಿ ಪಟ್ಟಿ ಎಳೆಸಿದ.

ಇಷ್ಟಾದರೂ ಮಾದಸ್ವಾಮಿಗೆ ಒಂದು ಸಮಾಧಾನವಿತ್ತು. ಅದು ಹನೂರಿನ ಮಾವನ ಮನೆಯ ಮೊದಲ ಎಲೆ. ಮಾರ್ಲಮಿ ಹಬ್ಬದ ದಿನ ಹಿರಿಯರಿಗೆ ಎಡೆಯಿಟ್ಟ ಮೇಲೆ ಅಳಿಯಂದಿರನ್ನು ಕೂರಿಸುತ್ತಾರೆ. ದೇವರ ಗೂಡಿನ ಪಕ್ಕದ ಎಲೆ ದೊಡ್ಡ ಅಳಿಯನದು. ಬಡಿಸುವುದು ಅಲ್ಲಿಂದ ಶುರು, ತುಪ್ಪ ಬೀಳುವುದು ಅಲ್ಲಿ ಮೊದಲು, ಊಟವಾದ ಮೇಲೆ ವೀಳ್ಯ ಸಿಗುವುದೂ ಅಲ್ಲಿ ಕೂತವನಿಗೇ ಮೊದಲು. ಶಾಂತಮೂರ್ತಿ ಏನೇ ಕೊಂಡರೂ ಕೋಮಲಳ ತಂಗಿಯ ಗಂಡನಾಗಿ ಎರಡನೇ ಎಲೆಯಲ್ಲೇ ಕೂರಬೇಕಿತ್ತು.

ಹೋದ ವರ್ಷದ ಮಾರ್ಲಮಿಯಲ್ಲಿ ಅದೂ ಹೋಯಿತು. ಕೈ ತೊಳೆಯಲು ಹೋದಾಗ ಶಾಂತಮೂರ್ತಿ ಮಾವನ ಜೊತೆ ಮಾತಾಡುತ್ತ, ತಮ್ಮ ಡೇರಿಯ ಕಂಪ್ಯೂಟರಿಗೆ ತಾನೇ ಅಡ್ಮಿನಿಸ್ಟ್ರೇಟರು ಎಂದುಬಿಟ್ಟ. ಚಿಕ್ಕಸಿದ್ದಯ್ಯ ಸರ್ಕಾರಿ ಆಫೀಸಿನಲ್ಲಿ ಜವಾನರಾಗಿ ನಿವೃತ್ತರಾದವರು. ಆ ಪದವನ್ನು ಅವರು ದೊಡ್ಡ ಸಾಹೇಬರ ಕೋಣೆಯ ಹೊರಗಿನ ಹಿತ್ತಾಳೆ ಬೋರ್ಡಿನಲ್ಲಿ ಕಂಡಿದ್ದರು, ದಿನಾ ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಅಂಥ ಪದವಿ ತಮ್ಮ ಮನೆಯ ಅಳಿಯನಿಗೆ ಬಂದಿದೆ ಎಂದು ಕೇಳಿ ಅವರು ಶಾಂತಮೂರ್ತಿಯ ಕೈ ಹಿಡಿದು ಮೊದಲ ಎಲೆಯಲ್ಲಿ ಕೂರಿಸಿದರು. ಮಾದಸ್ವಾಮಿ ಎರಡನೇ ಎಲೆಯಲ್ಲಿ ಉಂಡ. ಕಜ್ಜಾಯ ಹೇಗಿತ್ತೆಂದು ಕೇಳಿದರೆ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಊರಿಗೆ ಬಂದವನೇ ಅವನು ಕೊಳ್ಳೇಗಾಲದ ಕಂಪ್ಯೂಟರ್ ರಿಪೇರಿಯ ಮುತ್ತಯ್ಯನಿಗೆ ಫೋನು ಮಾಡಿ, ಅಡ್ಮಿನಿಸ್ಟ್ರೇಟರಾಗಲು ಯಾರಿಗೆ ಅರ್ಜಿ ಹಾಕಬೇಕೆಂದು ಕೇಳಿದ. ಮುತ್ತಯ್ಯ ನಕ್ಕು, ನೀವು ಮೊದಲಿನಿಂದಲೂ ಅದೇ ಆಗಿದ್ದೀರಿ, ಆ ಮಿಷನ್ನಿನಲ್ಲಿ ಇರುವುದು ಅದೊಂದೇ ಅಕೌಂಟು ಎಂದ. ಇಷ್ಟು ವರ್ಷ ಸಾಹೇಬನಾಗಿದ್ದೂ ಗೊತ್ತಿಲ್ಲದೆ ಬಾಳಿದೆನಲ್ಲ ಎಂದು ಮಾದಸ್ವಾಮಿಗೆ ದುಃಖವೇ ಆಯಿತು. ಹಾಗಾಗಿ ಆ ವಾರವೇ ಅಧಿಕಾರ ಚಲಾಯಿಸಲು ಶುರು ಮಾಡಿದ. ಫೋನಿಗೆ ಬಂದ ಲಿಂಕುಗಳನ್ನೆಲ್ಲ ಒತ್ತಿ, ಕಂಪ್ಯೂಟರ್ ಆನ್ ಮಾಡಿದರೆ ಗಂಟೆ ಹೊಡೆದು ಮಂಗಳಾರತಿ ಕಾಣುವ ಹಾಗೆ ಮಾಡಿಕೊಂಡ. ಜಾತಕ ನೋಡುವುದನ್ನು ಹಾಕಿದ. ಮಳೆ ಹೇಳುವುದನ್ನು ಹಾಕಿದ. ಒಂದು ದಿನ ಮೇಲಿನ ಬೀದಿಯ ಯಜಮಾನ ಮಾರಯ್ಯನ ಹಾಲು ಅಳೆದು ಗುಂಡಿ ಒತ್ತಿದರೆ, ತಾವು ಕಾರು ಗೆದ್ದಿದ್ದೀರಿ ಎಂದು ತೆರೆಯ ಮೇಲೆ ಪಟಾಕಿ ಹಾರಿತು. ಮಾರಯ್ಯ ಇಡೀ ಬೀದಿಗೆ ಸಕ್ಕರೆ ಹಂಚಿ, ಕಾರು ನಿಲ್ಲಿಸಲು ದನದ ಕೊಟ್ಟಿಗೆಯ ಒಂದು ಗೋಡೆ ಒಡೆಸಿದ. ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲರೂ ಕಾರು ಗೆದ್ದಿದ್ದರು, ಸಂಜೆಗೆ ಕಂಪ್ಯೂಟರು ಮಾತೇ ನಿಲ್ಲಿಸಿತು.

ಮುತ್ತಯ್ಯ ಬಂದು ಎಲ್ಲವನ್ನೂ ಒರೆಸಿ ಹೊಸದಾಗಿ ತುಂಬಿದ. ಈ ಸಲ ಅವನು ಎರಡು ಅಕೌಂಟು ಮಾಡಿದ. ಒಂದು ದೊಡ್ಡದು, ಅದರಲ್ಲಿ ಮಿಷನ್ನಿಗೆ ಏನು ಬೇಕಾದರೂ ಹಾಕಬಹುದು, ತೆಗೆಯಬಹುದು. ಇನ್ನೊಂದು ಚಿಕ್ಕದು, ಅದರಲ್ಲಿ ಹಾಲು ಬರೆಯಬಹುದು, ಚೀಟಿ ತೆಗೆಯಬಹುದು, ಅಷ್ಟೇ. ಹೊಸದೇನಾದರೂ ಹಾಕಲು ಹೋದರೆ ಮಿಷನ್ನು ದೊಡ್ಡದರ ಪಾಸ್‌ವರ್ಡ್ ಕೇಳುತ್ತದೆ. ಮಾದಸ್ವಾಮಿಗೆ ಅವನು ಕೊಟ್ಟದ್ದು ಚಿಕ್ಕದನ್ನು.

"ಇದು ಶಿಕ್ಸೆ ಅಲ್ಲ ಕನಣ್ಣ," ಎಂದ ಮುತ್ತಯ್ಯ. "ದಿನದ ಕೆಲ್ಸುಕ್ಕ ಚಿಕ್ದೇ ಸಾಕು. ನೀವು ತಪ್ಪಾಗಿ ಏನ್ ಒತ್ತುದ್ರೂ ಮಿಷನ್ ಕೆಡಲ್ಲ. ದೊಡ್ಡದು ಅಪ್ರೂಪಕ್ಕ ಬೇಕಾಯ್ತದ. ಅಧ್ಯಕ್ಷರ ತಾವ ಇರ್ಲಿ."

ಅವನು ಇದನ್ನು ಹೇಳಿದ್ದು ಡೇರಿಯ ಜಗಲಿಯಲ್ಲಿ, ಹಾಲು ತಂದ ಜನರ ಎದುರು. ಅಲ್ಲಿಂದ ಕೆಲಸ ಕೆಟ್ಟಿತು. ಮಾದಸ್ವಾಮಿಯ ಪವರ್ ಕಿತ್ತುಕೊಂಡರಂತೆ ಎಂಬ ಸುದ್ದಿ ಟೀ ಅಂಗಡಿಗೆ ಅವನಿಗಿಂತ ಮೊದಲೇ ಹೋಗಿತ್ತು. ಕಾಮಗೆರೆ ಮುಟ್ಟುವ ಹೊತ್ತಿಗೆ ಅವನು ಸಸ್ಪೆಂಡ್ ಆಗಿದ್ದ. ಹನೂರಿಗೆ ಹೋದಾಗ ಪೊಲೀಸರು ಬಂದು ಹೋಗಿದ್ದರು. ಮಾರನೆಯ ದಿನ ಅತ್ತೆ ಪುಟ್ಟಬಸಮ್ಮ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಸ್ಸಿಳಿದರು. ಅಳಿಯ ಗದ್ದೆಯಿಂದ ಹಸಿಹುಲ್ಲು ಹೊತ್ತು ತರುತ್ತಿದ್ದುದನ್ನು ಕಂಡು ಅವರಿಗೆ ಅನುಮಾನವೇ ಉಳಿಯಲಿಲ್ಲ.

"ಓದ್ರ ಓಯ್ತು ಬುಡಪ್ಪ," ಎಂದರು. "ಬೇಸಾಯ ಮಾಡ್ದೋರೆಲ್ಲ ಬದುಕಿಲ್ವಾ?"

ಅವರು ಹೋಗುವಾಗ ಕೋಮಲಳ ಹತ್ತಿರ, ಬರುವ ಮಾರ್ಲಮಿಗೂ ಮೊದಲ ಎಲೆ ಶಾಂತಮೂರ್ತಿಗೇ ಹಾಕಬೇಕೆಂದು ನಿಮ್ಮಪ್ಪ ಹೇಳಿದ್ದಾರೆ, ಗಂಡನಿಗೆ ನಿಧಾನವಾಗಿ ತಿಳಿಸು ಎಂದು ಹೇಳಿದರಂತೆ. ಕೋಮಲ ನಿಧಾನವಾಗಿಯೇ ತಿಳಿಸಿದಳು. ಮಾದಸ್ವಾಮಿ ಅವತ್ತು ಬಾಳೆಹಣ್ಣನ್ನು ಹಸುವಿಗೆ ಹಾಕಿದ.

ಡೇರಿಯ ಅಧ್ಯಕ್ಷೆ ಅಂದರೆ ನಡುಬೀದಿಯ ಪುಟ್ಟಗೌರಮ್ಮ. ಆಕೆಗೆ ಎಮ್ಮೆಗಳಿವೆ, ಗಟ್ಟಿ ಗಂಟಲಿದೆ, ಯಾರ ಹಂಗೂ ಇಲ್ಲ. ಪಾಸ್‌ವರ್ಡ್ ತಾನೇ ಇಟ್ಟುಕೊಳ್ಳುತ್ತೇನೆ, ಅದಕ್ಕೇನು ಹುಲ್ಲು ಹಾಕಬೇಕೇ ನೀರು ಕುಡಿಸಬೇಕೇ ಎಂದಳು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾದಸ್ವಾಮಿಯ ಹೊಟ್ಟೆಯಲ್ಲಿ ಆಗಲೇ ಶಾಂತಮೂರ್ತಿ ಕುದಿಯುತ್ತಿದ್ದ, ಅವನ ಜೊತೆಗೆ ಪುಟ್ಟಗೌರಮ್ಮನೂ ಸೇರಿದಳು. ತನಗೆ ಇಲ್ಲದ್ದು ಬೇರೆ ಒಬ್ಬರಿಗೆ ಇಡಿಯಾಗಿ ಇರುವುದನ್ನು ಅವನಿಂದ ನೋಡಲಾಗಲಿಲ್ಲ. ಡೇರಿಯ ಸಭೆಯಲ್ಲಿ ಎದ್ದು ನಿಂತ.

"ಒಬ್ರ ಕೈಲಿ ಬ್ಯಾಡ," ಎಂದ. "ನಮ್ಮ ಮಾರಮ್ಮನ ಹುಂಡಿಗ ಹೆಂಗ್ ಮಾಡೀವಿ?"

ನಮ್ಮೂರ ಮಾರಮ್ಮನ ಗುಡಿಯ ಹುಂಡಿಗೆ ಮೂರು ಬೀಗ. ಮೇಲಿನ ಬೀದಿ, ನಡುಬೀದಿ, ಕೆಳಗಿನ ಬೀದಿಯ ಯಜಮಾನರ ಹತ್ತಿರ ಒಂದೊಂದು ಕೀಲಿಕೈ. ಮೂವರೂ ಬಂದು ನಿಂತರೆ ಮಾತ್ರ ಹುಂಡಿ ತೆರೆಯುತ್ತದೆ. ಅಜ್ಜಂದಿರ ಕಾಲದಿಂದ ಹೀಗೇ ನಡೆದಿದೆ, ಏಕೆಂದರೆ ಅಜ್ಜಂದಿರ ಕಾಲದಿಂದಲೂ ನಮ್ಮಲ್ಲಿ ಯಾರೂ ಯಾರನ್ನೂ ನಂಬಿಲ್ಲ. ಮೇಲಿನ ಬೀದಿಯ ಮಾರಯ್ಯ ಕೂಡಲೇ ಹೌದೆಂದ. ಕೆಳಗಿನ ಬೀದಿಯ ರಂಗರಾಜು, ಮಾರಯ್ಯ ಹೌದೆಂದದ್ದಕ್ಕೆ ಇಲ್ಲವೆನ್ನಲು ಬಾಯಿ ತೆರೆದು, ತನಗೂ ಒಂದು ಪಾಲಿದೆ ಎಂದು ನೆನಪಾಗಿ ಹೌದೆಂದ. ನಡುಬೀದಿಗೆ ಪುಟ್ಟಗೌರಮ್ಮನೇ ಇದ್ದಳು. ಪಾಸ್‌ವರ್ಡನ್ನು ಮೂರು ತುಂಡು ಮಾಡಿ, ಒಂದೊಂದು ಬೀದಿಗೆ ಒಂದೊಂದು ತುಂಡು ಎಂದು ತೀರ್ಮಾನವಾಯಿತು.

ಮುತ್ತಯ್ಯ ತಲೆ ಚಚ್ಚಿಕೊಂಡ. "ಬೀಗ ಇರ್ಬೇಕು ನಿಜ, ಹಂಗಂತ ಬಾಗ್ಲ ಗೋಡೆ ಕಟ್ಟಿ ಮುಚ್ಚಾಕ್ಬುಟ್ರ ಮನ್ಗ ನೀವು ಹೆಂಗ್ ಓದಿರಿ?" ಎಂದು ಕೇಳಿದ. ಊರಿನ ಸಂಪ್ರದಾಯ ಅವನಿಗೇನು ಗೊತ್ತು ಎಂದು ಎಲ್ಲರೂ ಅವನ ಮಾತನ್ನು ತಳ್ಳಿಹಾಕಿದರು.

ಅವತ್ತೇ ಮೂವರೂ ಹೊಸ ಪಾಸ್‌ವರ್ಡ್ ಹಾಕಲು ಸ್ನಾನ ಮಾಡಿ ಬಂದರು. ಒಬ್ಬರು ತಮ್ಮ ತುಂಡು ಒತ್ತುವಾಗ ಉಳಿದಿಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು ಎಂದು ಕಟ್ಟಳೆಯಾಯಿತು. ಮಾರಯ್ಯ ಒಂದೊಂದು ಗುಂಡಿಯನ್ನೂ ಹುಡುಕಿ, ಬೆರಳಿಗೆ ಎಂಜಲು ಹಚ್ಚಿ, ಒತ್ತುವಾಗ ಬಾಯಲ್ಲೂ ಹೇಳುತ್ತಿದ್ದರಿಂದ, ಉಳಿದವರು ಗೋಡೆ ನೋಡಿದರೆ ಸಾಲದೆ ಕಿವಿಯನ್ನೂ ಮುಚ್ಚಿಕೊಳ್ಳಬೇಕಾಯಿತು. ಅವನು ಒತ್ತಿದ್ದಕ್ಕೆಲ್ಲ ತೆರೆಯ ಮೇಲೆ ಚುಕ್ಕಿ ಬಂತು. ನಾನು ಒತ್ತಿದ್ದೇ ಬೇರೆ, ಈ ಮಿಷನ್ನು ಬರೀ ಚುಕ್ಕಿ ತೋರಿಸುತ್ತಿದೆ, ಮೇಲಿನ ಬೀದಿಯವರೆಂದರೆ ಇಷ್ಟೇನಾ ಎಂದು ಜಗಳಕ್ಕೆ ನಿಂತ. ರಂಗರಾಜುವಿಗೂ ಚುಕ್ಕಿಯೇ ಬಂದದ್ದನ್ನು ಕರೆದು ತೋರಿಸಿದ ಮೇಲೆ ಸಮಾಧಾನವಾದ. ಕೊನೆಗೆ ಹುಂಡಿ ತೆರೆದಾಗಿನ ಪದ್ಧತಿಯಂತೆ ಮೂವರಿಗೂ ವೀಳ್ಯ ಕೊಟ್ಟು ಕಾಫಿ ಕುಡಿಸಿದರು. ಮಾದಸ್ವಾಮಿಯೂ ಕಾಫಿಗೆ ಕೈ ಚಾಚಿದ. ನೀನು ಚಿಕ್ಕ ಅಕೌಂಟು, ಆಮೇಲೆ ಕುಡಿ ಎಂದ ಮಾರಯ್ಯ.

ಆಮೇಲೆ ಮೊಸರಿನ ದಿನ ಬಂತು. ನಮ್ಮ ಕಂಪ್ಯೂಟರಿನೊಳಗೆ ಗಡಿಯಾರಕ್ಕೆಂದು ಒಂದು ಪುಟ್ಟ ಬ್ಯಾಟರಿ ಇರುತ್ತದಂತೆ, ಅದು ಸತ್ತಿತ್ತು. ಬೆಳಿಗ್ಗೆ ಕರೆಂಟು ಹೋಗಿ ಬಂದಾಗ ಮಿಷನ್ನಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತು. ಆ ತಾರೀಖಿನಲ್ಲಿ ನಮ್ಮ ಯಾವ ಹಸುವೂ ಹುಟ್ಟಿರಲಿಲ್ಲ, ಹಾಗಾಗಿ ಹಾಲು ಬರೆದುಕೊಳ್ಳಲು ಅದು ಒಪ್ಪಲಿಲ್ಲ. ತಾರೀಖು ತಿದ್ದಲು ಹೋದರೆ ದೊಡ್ಡದರ ಪಾಸ್‌ವರ್ಡ್ ಕೇಳಿತು. ಮಾರಯ್ಯ ಹೊಲದಲ್ಲಿದ್ದ. ರಂಗರಾಜು ಹೋರಿ ನೋಡಲು ಅಜ್ಜೀಪುರಕ್ಕೆ ಹೋಗಿದ್ದ. ಹಾಲಿನ ವ್ಯಾನು ಬಂದು ಹಾರನ್ ಹೊಡೆಯುತ್ತಿತ್ತು. ಕ್ಯಾನು ಹಿಡಿದ ಹೆಂಗಸರು ಜಗಲಿಯಿಂದ ಬೀದಿಯವರೆಗೆ ನಿಂತು ಮಾದಸ್ವಾಮಿಯ ವಂಶವನ್ನೆಲ್ಲ ನೆನೆಯುತ್ತಿದ್ದರು. ಮಾರಯ್ಯನನ್ನು ಹೊಲದಿಂದ ಎಳೆತಂದರೆ, ಕೈಯಲ್ಲಿ ಗೊಬ್ಬರವಿದೆ, ಸ್ನಾನ ಮಾಡದೆ ತುಂಡು ಒತ್ತುವುದಿಲ್ಲ ಎಂದು ಮನೆಗೆ ಹೋದ. ರಂಗರಾಜುವಿಗೆ ಫೋನು ಮಾಡಿ ತುಂಡು ಹೇಳು ಅಂದರೆ, ನನ್ನ ಬೀದಿಯ ಮಾನ ಫೋನಿನಲ್ಲಿ ಹರಾಜು ಹಾಕುವುದಿಲ್ಲ ಎಂದ. ಅವನು ಬಸ್ಸಿಗೆ ಕಾದು ಬರುವಷ್ಟರಲ್ಲಿ ವ್ಯಾನು ಹೋಗಿತ್ತು, ಬಿಸಿಲು ಏರಿತ್ತು. ಆ ದಿನ ಊರಿನವರೆಲ್ಲ ಹಾಲನ್ನು ಹೆಪ್ಪು ಹಾಕಿದರು. ಎರಡು ದಿನ ಮಾವಿನದೊಡ್ಡಿಯಲ್ಲಿ ಅನ್ನಕ್ಕೂ ಮೊಸರು, ಮುದ್ದೆಗೂ ಮೊಸರು. ನೆಂಟರು ಬಂದರೂ ಮೊಸರು. ನನಗೆ ಈಗಲೂ ಮೊಸರು ಕಂಡರೆ ಆಗುವುದಿಲ್ಲ.

ಮುತ್ತಯ್ಯ ಬಂದು ಬ್ಯಾಟರಿ ಬದಲಾಯಿಸಿದ ಮೇಲೆ ತಾರೀಖು ಸರಿಯಾಗಿ ನಿಂತಿತು. ಯಜಮಾನರಿಗೆ ಅದರಿಂದ ಬೇಸರವೇ ಆಯಿತು. ದಿನಾ ಬೆಳಿಗ್ಗೆ ಬಂದು, ಇವತ್ತು ಏನಾದರೂ ಕೇಳಿತಾ ಎಂದು ವಿಚಾರಿಸಿ, ಇಲ್ಲವೆಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಯಳಂದೂರಿನ ಕಡೆಯಿಂದ ಹೊಸ ಏಟು ಬಿತ್ತು. ಶಾಂತಮೂರ್ತಿಯ ಡೇರಿಯ ಚೀಟಿಯಲ್ಲಿ ಈಗ ಹಸುವಿನ ಫೋಟೋ ಬರುತ್ತಿತ್ತು. ಯಾರ ಹಾಲೋ ಅವರ ಹಸುವಿನದೇ ಫೋಟೋ, ಪಕ್ಕದಲ್ಲಿ ಹೂವಿನ ಚಿತ್ತಾರ. ಕೋಮಲಳ ತಂಗಿ ಆ ಚೀಟಿಯನ್ನು ಫೋನಿನಲ್ಲಿ ಕಳಿಸಿದ್ದಳು. ಕೋಮಲ ಅದನ್ನು ಗಂಡ ಉಣ್ಣಲು ಕೂತಾಗ ತೋರಿಸಿದಳು. ಹೆಂಗಸರು ಇಂಥದ್ದಕ್ಕೆ ಹೊತ್ತನ್ನು ಬಹಳ ಚೆನ್ನಾಗಿ ಆರಿಸುತ್ತಾರೆ. ಮಾದಸ್ವಾಮಿ ಅರ್ಧ ಮುದ್ದೆ ಬಿಟ್ಟು ಎದ್ದು, ಬೈಕು ಹತ್ತಿ ಯಳಂದೂರಿಗೆ ಹೋದ. ಬಿತ್ತನೆ ಭತ್ತ ವಿಚಾರಿಸಲು ಬಂದೆ ಎಂದು ಹೇಳಿ, ಹೊರಡುವಾಗ ಸುಮ್ಮನೆ ಎಂಬಂತೆ ಆ ಫೋಟೋ ವಿಷಯ ಕೇಳಿದ. ಶಾಂತಮೂರ್ತಿ ಒಳ್ಳೆಯವನು, ಅದು ಇನ್ನೂ ಕಷ್ಟ. ಯಾವನೋ ಪುಕ್ಕಟೆ ಕೊಟ್ಟ ಪ್ರೋಗ್ರಾಮು ಅಣ್ಣ, ಅಡ್ಮಿನ್ ಆದವರಿಗೆ ಒಂದು ಗುಂಡಿ ಒತ್ತಿದರೆ ಆಯಿತು ಎಂದು ಪೆನ್ ಡ್ರೈವಿಗೆ ಹಾಕಿ ಕೊಟ್ಟೇಬಿಟ್ಟ.

ಒಂದು ಗುಂಡಿ ಶಾಂತಮೂರ್ತಿಗೆ. ಮಾದಸ್ವಾಮಿಗೆ ಮೂರು ಬೀದಿ. ಅವನು ಮನೆಮನೆಗೆ ಹೋಗಿ ಕೈಮುಗಿದು ಮೂವರನ್ನೂ ಕರೆತಂದ. ಪೆನ್ ಡ್ರೈವ್ ಚುಚ್ಚಿದ ಕೂಡಲೇ ಮಿಷನ್ನು ಪಾಸ್‌ವರ್ಡ್ ಕೇಳಿತು. ಮಾರಯ್ಯ ಒತ್ತುವ ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳಲು ಬಯಸಿದ. ಫೋಟೋ ಮೊದಲು ಬರುವುದು ಯಾರ ಹಸುವಿನದು? ಮೇಲಿನ ಬೀದಿಯದೇ ಆಗಬೇಕು, ತನ್ನದು ನಾಟಿ ಹಸು, ಲಕ್ಷಣವಾಗಿದೆ ಎಂದ. ರಂಗರಾಜು, ಅದರ ಲಕ್ಷಣ ಚೀಟಿಯಲ್ಲಿ ಹಿಡಿಸುವುದಿಲ್ಲ, ಬರೀ ಕೊಂಬೇ ಬರುತ್ತದೆ, ನನ್ನ ಸೀಮೆಹಸುವಿನದು ಹಾಕಿ ಎಂದ. ಅವರಿಬ್ಬರ ಮಾತು ಹಸುವಿನಿಂದ ಅಜ್ಜಂದಿರಿಗೆ ಹೋಗುವುದರೊಳಗೆ ಪುಟ್ಟಗೌರಮ್ಮ ಮಾದಸ್ವಾಮಿಯ ಕಡೆ ತಿರುಗಿ, ಇದರಲ್ಲಿ ಎಮ್ಮೆ ಬರುತ್ತದೋ ಎಂದು ಕೇಳಿದಳು. ಮಾದಸ್ವಾಮಿ ತೆರೆಯನ್ನು ನೋಡಿ, ಬರೀ ಹಸು ಅಂತ ಇದೆ ಎಂದ.

"ಎಮ್ಮಗ ಜಾಗ ಇಲ್ದ ಮಿಷನ್ಗ ನನ್ನ ತುಂಡು ಒತ್ತಲ್ಲ," ಎಂದು ಪುಟ್ಟಗೌರಮ್ಮ ಎದ್ದಳು. "ಮಾರಮ್ಮ ಬಂದ್ ಹೇಳುದ್ರೂ ಒತ್ತಲ್ಲ."

ಮಾದಸ್ವಾಮಿ ಗೋಗರೆದ. ಎಮ್ಮೆಯ ಫೋಟೋ ತಾನೇ ಕೈಯಾರೆ ಅಂಟಿಸಿಕೊಡುತ್ತೇನೆ ಎಂದ. ಆಕೆ ಕೇಳಲಿಲ್ಲ. ಮೂವರೂ ಮೂರು ಬೀದಿಗೆ ಹೋದರು. ಅವನು ಪೆನ್ ಡ್ರೈವ್ ಹಿಡಿದು ಜಗಲಿಯ ಮೇಲೆ ಕೂತಿದ್ದ. ಹಾಲು ಹಾಕಲು ಹೋದ ನನ್ನನ್ನು ಕಂಡು, ಯಳಂದೂರಿನ ಹಸುಗಳೆಲ್ಲ ಚೀಟಿಯೊಳಗೆ ನಿಂತು ತನ್ನನ್ನು ನೋಡಿ ನಗುತ್ತಿವೆ ಎಂದ. ನನಗೆ ಪಾಪ ಅನಿಸಿತು. ಆಗ ಇನ್ನೂ ನನ್ನ ಸರದಿ ಮೊದಲೇ ಇತ್ತು.

ಕೆಲವೇ ದಿನಕ್ಕೆ ಶಾಂತಮೂರ್ತಿಯ ಡೇರಿಯಲ್ಲಿ ಎಲ್ಲರ ಚೀಟಿಯಲ್ಲೂ ಒಂದೇ ಹಸು ಬರತೊಡಗಿತು. ಆಮೇಲೆ ಹಸು ಬಂತು, ಹಾಲಿನ ಲೆಕ್ಕ ಬರಲಿಲ್ಲ. ಆಮೇಲೆ ಹಸುವೂ ಹೋಗಿ ತೆರೆ ಕಪ್ಪಾಯಿತು. ಮುತ್ತಯ್ಯನನ್ನು ಅಲ್ಲಿಗೂ ಕರೆಸಿದರು. ರೋಗ ಬಂದದ್ದು ಆ ಫೋಟೋ ಪ್ರೋಗ್ರಾಮಿನ ಬೆನ್ನೇರಿ, ಶಾಂತಮೂರ್ತಿ ದಿನವಿಡೀ ದೊಡ್ಡ ಅಕೌಂಟಿನಲ್ಲೇ ಕೂತಿರುತ್ತಿದ್ದರಿಂದ ಅದಕ್ಕೆ ಒಳಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ ಎಂದ. ಬರುವ ದಾರಿಯಲ್ಲಿ ನಮ್ಮ ಡೇರಿಗೂ ಬಂದು ನೋಡಿದ. ಅದೇ ಪೆನ್ ಡ್ರೈವ್, ಆದರೆ ರೋಗ ಬಾಗಿಲಲ್ಲೇ ನಿಂತಿತ್ತು.

"ನೀವು ಬಲು ಉಸಾರಿ ಕನಣ್ಣ," ಎಂದು ಮುತ್ತಯ್ಯ ಮಾದಸ್ವಾಮಿಯ ಬೆನ್ನು ತಟ್ಟಿದ.

ಮಾದಸ್ವಾಮಿ ಎಮ್ಮೆಯ ವಿಷಯ ಎತ್ತಲಿಲ್ಲ. ಹಾಲು ಒಕ್ಕೂಟದ ಮೇಲ್ವಿಚಾರಕರು ಬಂದು ಭೇಷ್ ಎಂದಾಗಲೂ ಎತ್ತಲಿಲ್ಲ. ಮೊಸರಿನ ಎರಡು ದಿನ ಅವನನ್ನು ಬೈದಿದ್ದ ಹೆಂಗಸರೇ ಈಗ ನಮ್ಮ ಕಾರ್ಯದರ್ಶಿ ಎನ್ನತೊಡಗಿದರು. ಕಂಪ್ಯೂಟರಿಗೆ ರೋಗ ಬರದಂತೆ ಕಾಯುವ ಪ್ರೋಗ್ರಾಮುಗಳಿಗೆ ಜನ ವರ್ಷವರ್ಷ ದುಡ್ಡು ಕಟ್ಟುತ್ತಾರಂತೆ. ನಮ್ಮೂರಿಗೆ ಅದು ಬೇಕಾಗಲಿಲ್ಲ, ನಮ್ಮಲ್ಲಿ ಹೊಟ್ಟೆಕಿಚ್ಚು ಇತ್ತು.

ಯಳಂದೂರಿನ ಕಡೆ ಹೊಸ ಕಂಪ್ಯೂಟರು ಬಂತು. ದೊಡ್ಡ ತೆರೆಯದು, ಫಳಫಳ ಹೊಳೆಯುವಂಥದು. ಕೆಡಿಸಿಕೊಂಡವನಿಗೆ ಹೊಸದು, ಕಾಪಾಡಿಕೊಂಡವನಿಗೆ ಹಳೆಯದು ಎಂದು ಮಾದಸ್ವಾಮಿ ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಅವನ ನಿದ್ದೆ ಮರಳಿ ಬರುವಂಥ ಸುದ್ದಿ ಬಂತು. ಶಾಂತಮೂರ್ತಿಗೂ ಇನ್ನು ಚಿಕ್ಕ ಅಕೌಂಟು. ದೊಡ್ಡದಕ್ಕೆ ಅಲ್ಲಿಯೂ ಮಾವಿನದೊಡ್ಡಿಯ ಹಾಗೆ ಮೂರು ಬೀಗ. ಆದರೆ ಆ ಊರಿನಲ್ಲಿ ಇರುವುದು ಎರಡೇ ಬೀದಿ, ಎರಡಕ್ಕೂ ಆಗದು. ಮೂರನೆಯ ತುಂಡನ್ನು ಎರಡೂ ಬೀದಿಗೆ ಸೇರದ, ಬೀಗ ಕಾಯುವುದರಲ್ಲಿ ಹೆಸರು ಮಾಡಿದ ಒಬ್ಬ ಹೊರಗಿನವರು ಇಟ್ಟುಕೊಳ್ಳಲಿ ಎಂದು ತೀರ್ಮಾನವಾಗಿ, ಮಾದಸ್ವಾಮಿಯನ್ನು ಕರೆಸಿಕೊಂಡರು. ಅವನು ಹೊಸ ಪಂಚೆ ಉಟ್ಟು ಹೋಗಿ, ಎಲ್ಲರನ್ನೂ ಗೋಡೆಗೆ ತಿರುಗಿಸಿ, ಅದರಲ್ಲೂ ಶಾಂತಮೂರ್ತಿಯನ್ನು ಎರಡು ಸಲ ತಿರುಗಿಸಿ, ತನ್ನ ತುಂಡು ಒತ್ತಿ ಬಂದ. ಷಡ್ಡಕನ ಕಂಪ್ಯೂಟರಿನ ಮೂರನೇ ಒಂದು ಪಾಲು ಈಗ ಅವನ ತಲೆಯಲ್ಲಿತ್ತು.

ಚಿಕ್ಕಸಿದ್ದಯ್ಯನವರಿಗೆ ಇದು ತಿಳಿದಾಗ ಅವರಿಗೆ ಹಿತ್ತಾಳೆ ಬೋರ್ಡು ಇನ್ನೂ ದೊಡ್ಡದಾಗಿ ಕಂಡಿರಬೇಕು. ಒಂದು ಊರಲ್ಲಿ ಕಾರ್ಯದರ್ಶಿ, ಇನ್ನೊಂದು ಊರಲ್ಲಿ ಯಜಮಾನ. ಈ ಮಾರ್ಲಮಿಗೆ ಮೊದಲ ಎಲೆ ದೊಡ್ಡ ಅಳಿಯನಿಗೇ ಎಂದು ಹೇಳಿ ಕಳಿಸಿದರು.

ಮಾದಸ್ವಾಮಿ ಅವತ್ತು ನನ್ನ ಮನೆಗೆ ಬಂದು, ಹಬ್ಬಕ್ಕೆ ನೀವೂ ಹನೂರಿಗೆ ಬರಬೇಕು ಎಂದ. ನಾನೇಕೆ ಎಂದೆ.

"ನೋಡಾಕ ಒಬ್ರು ಬೇಕಲ್ಲ ಕಂಡಕ್ಟ್ರಣ್ಣ," ಎಂದ. "ನಾಳ ಊರಲ್ಲಿ ನಾನೇ ಹೇಳ್ಕಂಡ್ರ ಚಂದಾಗಿರಲ್ಲ."

ಹೀಗೆ ನಾನು ಸಾಕ್ಷಿಯಾಗಿ ಹೋದೆ. ಹಿರಿಯರಿಗೆ ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಮತ್ತೆ ತೆರೆದು, ಅಳಿಯಂದಿರಿಗೆ ಎಲೆ ಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಾದಸ್ವಾಮಿ ಕೈಕಾಲು ತೊಳೆದು ಬಂದು, ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು ಒಮ್ಮೆ ಖಾತ್ರಿ ಮಾಡಿಕೊಂಡು, ದೇವರ ಗೂಡಿನ ಪಕ್ಕದ ಎಲೆಯ ಮುಂದೆ ನಿಧಾನವಾಗಿ ಕೂತ. ಕೂತ ಮೇಲೂ ಒಂದು ಸಲ ಎದ್ದು ಮತ್ತೆ ಕೂತ. ಎರಡನೇ ಎಲೆಯಲ್ಲಿ ಶಾಂತಮೂರ್ತಿ ಕೂತು, ಮೊದಲ ಎಲೆಯನ್ನು ನೋಡದಿರಲು ಪ್ರಯತ್ನಪಡುತ್ತಿದ್ದ. ಪುಟ್ಟಬಸಮ್ಮ ಪಲ್ಯ ಬಡಿಸಿದರು, ಕಜ್ಜಾಯ ಇಟ್ಟರು, ಪಾಯಸ ಹಾಕಿದರು. ತುಪ್ಪ ತರಲು ಒಳಗೆ ಹೋದರು.

ಆಗ ಶಾಂತಮೂರ್ತಿಯ ಫೋನು ಹೊಡೆದುಕೊಂಡಿತು. ಅವನ ಡೇರಿಯಲ್ಲಿ ಸಂಜೆಯ ಹಾಲು ಪರೀಕ್ಷೆ ಮಾಡುವ ಹುಡುಗಿ ಮಾತಾಡುತ್ತಿದ್ದಳು. ಹಳೆಯ ಪ್ರಿಂಟರು ನಿಂತುಹೋಯಿತು, ಹೊಸದನ್ನು ಜೋಡಿಸಿದರೆ ಮಿಷನ್ನು ದೊಡ್ಡದರ ಪಾಸ್‌ವರ್ಡ್ ಕೇಳುತ್ತಿದೆ. ಎರಡು ಬೀದಿಯ ಯಜಮಾನರೂ ಎಡೆ ಬಿಟ್ಟು ಬಂದು ಕೂತಿದ್ದಾರೆ, ಮೂರನೆಯ ತುಂಡಿಲ್ಲ. ಚೀಟಿ ಇಲ್ಲದೆ ಹಾಲು ಹಾಕುವುದಿಲ್ಲ ಎಂದು ಜನ ಕ್ಯಾನು ಹಿಡಿದು ನಿಂತಿದ್ದಾರೆ. ಹಬ್ಬದ ದಿನ, ಎಲ್ಲರಿಗೂ ಮನೆಗೆ ಹೋಗಬೇಕು.

ಶಾಂತಮೂರ್ತಿ ಫೋನನ್ನು ಅಂಗೈಯಲ್ಲಿ ಮುಚ್ಚಿ ಮೊದಲ ಎಲೆಯ ಕಡೆ ಬಾಗಿದ.

"ಅಣ್ಣ, ನಿನ್ ತುಂಡ ನನ್ ಕಿವೀಲಿ ಹೇಳ್ಬುಡು. ನಾನು ಫೋನಲ್ಲಿ ಹೇಳ್ತೀನಿ, ಕೆಲ್ಸ ಮುಗೀತದ. ನೀನು ನೆಮ್ಮದಿಯಾಗಿ ಉಣ್ಣು."

ಮನೆಯವರೆಲ್ಲ ಮಾದಸ್ವಾಮಿಯನ್ನು ನೋಡಿದರು. ಮಾದಸ್ವಾಮಿ ಎಲೆಯನ್ನು ನೋಡಿದ. ಕಜ್ಜಾಯ ಎಳ್ಳು ಹಚ್ಚಿಕೊಂಡು ಕೆಂಪಗೆ ಕೂತಿತ್ತು. ಶಾಂತಮೂರ್ತಿಯ ಕಿವಿಯನ್ನು ನೋಡಿದ, ಅದು ತನ್ನ ಬಾಯಿಗೆ ಬಹಳ ಹತ್ತಿರ ಇತ್ತು. ತುಂಡು ಆ ಕಿವಿಗೆ ಬಿದ್ದರೆ ಅಲ್ಲಿಗೆ ಮುಗಿಯಿತು, ಇನ್ನು ಯಳಂದೂರಿನಲ್ಲಿ ಅವನನ್ನು ಯಾರೂ ಕರೆಯುವುದಿಲ್ಲ, ಯಾರೂ ಗೋಡೆಗೆ ತಿರುಗುವುದಿಲ್ಲ. ಬೀಳದಿದ್ದರೆ ಎಲೆ ಬಿಡಬೇಕು. ನಾನು ಎಷ್ಟೋ ಜನರನ್ನು ಬಸ್ಸಿನ ಮೆಟ್ಟಿಲ ಮೇಲೆ ನೋಡಿದ್ದೇನೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ಹತ್ತಲೂ ಆರರು ಇಳಿಯಲೂ ಆರರು. ಅಷ್ಟು ಹೊತ್ತು ಯಾರೂ ನಿಂತಿದ್ದನ್ನು ನೋಡಿರಲಿಲ್ಲ.

"ಹುಂಡಿ ಬೀಗದ್ ಕೈಯ ಯಾರಾರ ಫೋನಲ್ಲಿ ಕೊಟ್ಟಾರಾ?" ಎಂದು ಮಾದಸ್ವಾಮಿ ಎದ್ದ. "ನಾನೇ ಓಯ್ತೀನಿ."

ಚಿಕ್ಕಸಿದ್ದಯ್ಯನವರ ಕಣ್ಣಲ್ಲಿ ನೀರು ಬಂತು. ಅಧಿಕಾರಿ ಅಂದರೆ ಹೀಗಿರಬೇಕು ಎಂದರು. ಮಾದಸ್ವಾಮಿ ಹೊಸ್ತಿಲವರೆಗೆ ಹೋದವನು ನಿಂತ, ಹಿಂತಿರುಗಿ ನೋಡಿದ. ಬಡಿಸಿದ ಮೊದಲ ಎಲೆಯ ಮುಂದೆ ಜಾಗ ಖಾಲಿ ಇತ್ತು. ಎರಡನೇ ಎಲೆಯವನು ಇನ್ನೂ ಕೂತಿದ್ದ.

"ನೀನೂ ಎದ್ದೇಳ್ಲಾ," ಎಂದ.

ಶಾಂತಮೂರ್ತಿ, ತನ್ನ ಹತ್ತಿರ ಯಾವ ತುಂಡೂ ಇಲ್ಲ, ತಾನು ಬಂದು ಮಾಡುವುದೇನು, ಬೇಕಾದರೆ ತನ್ನ ಬೈಕು ತೆಗೆದುಕೊಂಡು ಹೋಗಲಿ ಎಂದ. ಆ ಬೈಕಿನ ಗೇರು ತನಗೆ ಬರುವುದಿಲ್ಲ ಎಂದ ಮಾದಸ್ವಾಮಿ. ಅದೇ ಕಂಪನಿಯ ಒಂದು ಸೈಜು ದೊಡ್ಡ ಬೈಕಿನಲ್ಲಿ ನನ್ನನ್ನು ಕೂರಿಸಿಕೊಂಡು ಬೆಳಿಗ್ಗೆ ತಾನೇ ಹನೂರಿಗೆ ಬಂದಿದ್ದವನು ಹೇಳಿದ ಮಾತು ಇದು. ಕೊನೆಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೊರಟರು. ಕಾಮಗೆರೆ ದಾಟಿ, ಕೊಳ್ಳೇಗಾಲ ದಾಟಿ, ಯಳಂದೂರಿನ ದಾರಿ ಹಿಡಿದರಂತೆ.

ಇತ್ತ ಬಡಿಸಿದ ಎಲೆಗಳು ಹಾಗೇ ಇದ್ದವು. ಪುಟ್ಟಬಸಮ್ಮ ತುಪ್ಪದ ಗಿಂಡಿ ಹಿಡಿದು ಹೊರಗೆ ಬಂದು, ಹಿರಿಯರ ಹಬ್ಬದ ದಿನ ಬಡಿಸಿದ ಎಲೆಯನ್ನು ಉಣ್ಣದೆ ಎತ್ತುವಂತಿಲ್ಲ ಎಂದರು. ಎರಡನೆಯದರಲ್ಲಿ ಚಿಕ್ಕಸಿದ್ದಯ್ಯ ತಾವೇ ಕೂತರು. ಮೊದಲನೆಯದಕ್ಕೆ ಸುತ್ತಲೂ ನೋಡಿದರು. ಬಾಗಿಲ ಪಕ್ಕದಲ್ಲಿ ಸಾಕ್ಷಿ ಹೇಳಲು ಬಂದವನು ನಾನೊಬ್ಬನೇ ನಿಂತಿದ್ದೆ.

"ನೀವೇ ಬನ್ನಿ ಕಂಡಕ್ಟ್ರೇ," ಎಂದರು ಪುಟ್ಟಬಸಮ್ಮ.

ನಾನು ಬೇಡವೆಂದೆ. ಮರ್ಯಾದೆಗೆ ಎಷ್ಟು ಸಲ ಬೇಡವೆನ್ನಬೇಕೋ ಅಷ್ಟು ಸಲ ಅಂದೆ. ಆಮೇಲೆ ಕೂತೆ. ತುಪ್ಪ ಮೊದಲು ನನ್ನ ಎಲೆಗೆ ಬಿತ್ತು.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಬೈಕು ಬಂತು. ಮಾದಸ್ವಾಮಿ ಒಳಗೆ ಬರುವಾಗಲೇ ಹೇಳುತ್ತ ಬಂದ. ಇಡೀ ಊರು ಹೇಗೆ ಕಾಯುತ್ತಿತ್ತು, ತಾನು ಹೇಗೆ ಎಲ್ಲರನ್ನೂ ಗೋಡೆಗೆ ತಿರುಗಿಸಿದ, ಒಂದೇ ಸಲಕ್ಕೆ ಹೇಗೆ ಬಾಗಿಲು ತೆರೆಯಿತು. ಹೇಳುತ್ತ ಹೇಳುತ್ತ ದೇವರ ಗೂಡಿನ ಪಕ್ಕಕ್ಕೆ ಬಂದು, ಬರೀ ನೆಲವನ್ನು ನೋಡಿ ನಿಂತ.

"ನನ್ನ ಎಲೆ?" ಎಂದ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ವೀಳ್ಯ ಅಗಿಯುತ್ತಿದ್ದೆ. ಚಿಕ್ಕಸಿದ್ದಯ್ಯ ಅದನ್ನೂ ನನಗೇ ಮೊದಲು ಕೊಟ್ಟಿದ್ದರು. ಶಾಂತಮೂರ್ತಿ ಮಾತ್ರ ಆ ದಿನ ಮೊದಲ ಸಲ ಬಾಯಿ ತುಂಬ ನಕ್ಕ. ಷಡ್ಡಕರಿಬ್ಬರಿಗೂ ಅಡುಗೆಮನೆಯಲ್ಲಿ ತಟ್ಟೆ ಇಟ್ಟು ಬಡಿಸಿದರು. ಕಜ್ಜಾಯ ಮುಗಿದಿತ್ತು.

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಡೇರಿಗೆ ಹೋಗಿ ಎಲ್ಲರಿಗಿಂತ ಮುಂದೆ ನಿಂತೆ. ಮಾದಸ್ವಾಮಿ ಕಂಪ್ಯೂಟರಿನಿಂದ ತಲೆಯೆತ್ತಿ ನನ್ನನ್ನು ನೋಡಿದ.

"ಮೊದ್ಲೆಲೇಲಿ ಉಂಡೋರು ಕೊನೇಲಿ ನಿಂತ್ರ ಏನಾದ್ದು ಕಂಡಕ್ಟ್ರೇ," ಎಂದ.

ನಾನು ಕ್ಯಾನು ಎತ್ತಿಕೊಂಡು ಹಿಂದಕ್ಕೆ ಹೋದೆ. ಕಜ್ಜಾಯ ಮಾತ್ರ ಬಹಳ ಚೆನ್ನಾಗಿತ್ತು.